ಒದ್ದೆ ಕೌದಿಯ ಇನ್ನೊಂದು ತುದಿ

ಬಾಲಾನಗರದ ಕಾರ್ಖಾನೆಗಳ ಮೊದಲ ಪಾಳಿಯ ಸೈರನ್ ಇನ್ನೂ ಆಗಿಲ್ಲ. ಚಹಾ ಬಂಡಿಯವನು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾನೆ. ಅವನ ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಸುಂದರಾಬಾಯಿ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಬಿಳಿ ಕೌದಿ, ಬಲಗೈಯಲ್ಲಿ ಸೂಜಿ. ದೂರದಿಂದ ನೋಡಿದವರಿಗೆ ಹೊಲಿಯುತ್ತಿದ್ದಾರೆ ಎನ್ನಿಸುತ್ತದೆ. ಹತ್ತಿರ ಹೋದರೆ ಗೊತ್ತಾಗುತ್ತದೆ, ಹೊಲಿಯುತ್ತಿಲ್ಲ, ಬಿಚ್ಚುತ್ತಿದ್ದಾರೆ. ಇಡೀ ಒಂದು ಮಳೆಗಾಲ ಕೂತು ತಾವೇ ಹೊಲಿದದ್ದನ್ನು.

ಸೂಜಿಯ ತುದಿಯಿಂದ ಒಂದು ಹೊಲಿಗೆ ಎತ್ತುತ್ತಾರೆ, ದಾರ ಎಳೆಯುತ್ತಾರೆ, ಮತ್ತೊಂದು ಎತ್ತುತ್ತಾರೆ. ಎಳೆದ ದಾರವನ್ನು ಎಸೆಯದೆ ಎಡಗೈ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ಹೊಲಿಯೂದು ಕೈಗೆ ಗೊತ್ತದರಿ, ಕಣ್ಣು ಮುಚ್ಚಿ ಹೊಲೀತೀನಿ,” ಎನ್ನುತ್ತಾರೆ. “ಬಿಚ್ಚೂದು ಹಂಗಲ್ಲ. ಒಂದೊಂದು ಟಾಕಾ ನೋಡಬೇಕು.”

ಪಾಳಿ ಶುರುವಾಗುವ ಹೊತ್ತಿಗೆ ಮೂಟೆಗಳು ಬಂದು ಬೀಳುತ್ತವೆ. ಅದಕ್ಕೆ ಮೊದಲು ಕೌದಿಯನ್ನು ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗೋಡೆಯ ಮೊಳೆಗೆ ಸಿಕ್ಕಿಸಬೇಕು. ಶೆಡ್ಡಿನ ಧೂಳು ಅದಕ್ಕೆ ತಾಗಬಾರದು.

ಮೂಟೆಗಳಲ್ಲಿರುವುದು ಹಳೇ ಬಟ್ಟೆ. ನಗರದ ಮನೆಗಳಲ್ಲಿ ಹರಿದು, ಬಣ್ಣ ಹೋಗಿ, ಯಾರ ಮೈಗೂ ಬೇಡವಾದ ಬಟ್ಟೆ ನಾಲ್ಕಾರು ಕೈ ದಾಟಿ ಕೊನೆಗೆ ಇಂಥ ಶೆಡ್ಡು ಸೇರುತ್ತದೆ. ಲೇತ್, ಪ್ರೆಸ್ಸು, ಗ್ರೈಂಡಿಂಗ್ ಮಷೀನುಗಳ ಎಣ್ಣೆ ಒರೆಸಲು ಕಾರ್ಖಾನೆಗಳಿಗೆ ಬೇಕಾದ ಚಿಂದಿ ಇಲ್ಲಿ ತಯಾರಾಗುತ್ತದೆ. ಬನಿಯನ್ ಇರಲಿ, ಅಂಗಿ ಇರಲಿ, ಸೀರೆ ಇರಲಿ, ಬಾಲಾನಗರದಲ್ಲಿ ಅದರ ಹೆಸರು ‘ಬನಿಯನ್ ವೇಸ್ಟ್’. ಹಲಗೆಗೆ ನೆಟ್ಟ ಈಳಿಗೆಯಂಥ ಅಲಗಿನ ಮುಂದೆ ಕೂತ ಹೆಂಗಸರು ಗುಂಡಿ, ಹುಕ್ಕು, ಜಿಪ್ಪು ಕಿತ್ತು, ಬಟ್ಟೆಯನ್ನು ಕೈಯಲ್ಲಿ ಹಿಡಿಯುವಷ್ಟು ತುಂಡು ಮಾಡುತ್ತಾರೆ. ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಮೂರು ಮೂಟೆ. ಬೇಸಿಗೆಯಲ್ಲಿ ತಗಡು ಕಾದು ತಲೆ ಸಿಡಿಯುತ್ತದೆ. ಮಳೆಗಾಲದಲ್ಲಿ ಮೂಟೆಯ ಒಳಗಿಂದ ಹುಳಿ ವಾಸನೆ. ವರ್ಷವಿಡೀ ನವಿರು ಧೂಳು ಗಂಟಲಲ್ಲಿ ಕೂತಿರುತ್ತದೆ. ಶೆಡ್ಡಿನ ಯಜಮಾನ ವಾಸುದೇವ ಮುಖಕ್ಕೆ ಕಟ್ಟಲು ಬಟ್ಟೆ ಕೊಡುತ್ತಾರೆ. ಅದೂ ಮೂಟೆಯೊಳಗಿನದೇ.

ಸುಂದರಾಬಾಯಿ ಕತ್ತರಿಸಿದ ಪ್ರತಿ ತುಂಡಿನ ಮೇಲೂ ಒಮ್ಮೆ ಅಂಗೈ ಆಡಿಸುತ್ತಾರೆ. ಬೇರೆಯವರು ಹಾಗೆ ಮಾಡುವುದಿಲ್ಲ, ಪುರುಸೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕತ್ತರಿಸಿದ ಒಂದು ರವಿಕೆಯ ತುಂಡಿನಲ್ಲಿ ಹುಕ್ಕು ಉಳಿದುಬಿಟ್ಟಿತ್ತು. ಎದುರಿನ ವರ್ಕ್‌ಶಾಪಿನ ಲೇತಿನವನು ಅದರಲ್ಲಿ ಮಷೀನು ಒರೆಸಲು ಹೋಗಿ ಅಂಗೈ ಸೀಳಿಕೊಂಡ. ಮರುದಿನ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದ. “ಬೈದಿದ್ರ ಮರೀತಿದ್ದೆ. ಕೈ ತೋರಿಸಿ ಸುಮ್ನ ಹೋದ,” ಎಂದು ಸುಂದರಾಬಾಯಿ ಈಗಲೂ ಹೇಳುತ್ತಾರೆ. ಅಂದಿನಿಂದ ಈ ಅಂಗೈ ಆಡಿಸುವ ರೂಢಿ. “ಪ್ರಾರ್ಥನಾ ಅಂದ್ರ ನನಗ ಇದೇರಿ. ಕಣ್ಣು ಮುಚ್ಚಿ ಕೂಡ್ಲಿಕ್ಕ ವೇಳ್ಯಾ ಎಲ್ಲಿಂದ ತರ್ಲಿ? ಇದು ಯಾರ ಕೈಗೆ ಹೋಗ್ತದೋ ಅವನ ಕೈ ಸಲಾಮತ್ ಇರಲಿ ಅಂತೀನಿ, ಬುಟ್ಟಿಗೆ ಒಗೀತೀನಿ.”

ಹುಮನಾಬಾದ ಕಡೆಯ ಹಳ್ಳಿ ಅವರದು. ಅಪ್ಪ ಕ್ರೈಸ್ತ ಭಜನೆಯ ಮೇಳದಲ್ಲಿ ತಾಳ ಹಾಕುತ್ತಿದ್ದವರು, ಅವ್ವ ಊರವರಿಗೆಲ್ಲ ಕೌದಿ ಹೊಲಿಯುತ್ತಿದ್ದವರು. ಮದುವೆಯಾಗಿ ತೆಲುಗು ನಾಡಿನ ಈ ಬಾಲಾನಗರಕ್ಕೆ ಬಂದಾಗ ಗಂಡ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಕಬ್ಬಿಣ ಎತ್ತಿ ಎತ್ತಿ ಸೊಂಟ ಹೋಯಿತು. ಈಗ ಅವರು ಒಂದು ಗೋದಾಮಿನ ರಾತ್ರಿ ಕಾವಲುಗಾರ, ಹಗಲೆಲ್ಲ ನಿದ್ದೆ. ಒಬ್ಬಳೇ ಮಗಳು ಉಪ್ಪಲ್‌ನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ತೆಲುಗು, ವಾಸುದೇವರ ಜೊತೆ ಹಿಂದಿ. ಮೂರನ್ನೂ ಸುಂದರಾಬಾಯಿ ಒಂದೇ ಧಾಟಿಯಲ್ಲಿ ಆಡುತ್ತಾರೆ.

ಅವ್ವನಿಂದ ಬಂದ ಕೌದಿಯ ಕೆಲಸಕ್ಕೆ ಅವರು ಸೇರಿಸಿದ್ದು ಒಂದೇ, ಕಥೆ. ಭಾನುವಾರ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದು ವಾರವಿಡೀ ತಲೆಯಲ್ಲಿ ಸುತ್ತುತ್ತದೆ, ಕೊನೆಗೆ ಬಟ್ಟೆಗೆ ಇಳಿಯುತ್ತದೆ. ಮನುಷ್ಯರ ಚಿತ್ರ ಇರುವುದಿಲ್ಲ. ಮುಖ ತಮಗೆ ಬರುವುದಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಐದು ದುಂಡನೆಯ ತುಂಡು, ಎರಡು ಉದ್ದನೆಯ ತುಂಡು ಇಟ್ಟರೆ ಯೇಸು ಐದು ಸಾವಿರ ಜನರಿಗೆ ಉಣಬಡಿಸಿದ ಕಥೆಯಾಯಿತು. ನೀಲಿ ಪಟ್ಟಿಗಳನ್ನು ಓರೆಯಾಗಿ ಸುರಿಸಿ ನಡುವೆ ಒಂದು ಕಂದು ತುಂಡು ಹಚ್ಚಿದರೆ ನೋಹನ ನಾವೆ. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಒಂದು ಕೌದಿ ಹೋಗುತ್ತದೆ, ಅವರು ಚರ್ಚಿಗೆ ಬರುವವರೇ ಆಗಬೇಕೆಂದಿಲ್ಲ. ಎದುರು ಮನೆಯ ಹುಲಗೇಶನ ಮಗಳು ಮಲಗುವುದು ಐದು ರೊಟ್ಟಿಯ ಕೌದಿಯ ಮೇಲೆ. ಆ ಮನೆಯವರು ಅದನ್ನು ರೊಟ್ಟಿ ಕೌದಿ ಎಂದು ಕರೆಯುತ್ತಾರೆ. ಉದ್ದನೆಯವು ಮೀನೆಂದು ಅವರು ಕೇಳಿಲ್ಲ, ಇವರು ಹೇಳಿಲ್ಲ. ಅವರದು ಶಾಕಾಹಾರಿ ಮನೆ.

ಕೌದಿಯ ಕೆಲಸದಲ್ಲಿ ಒಬ್ಬರಿಂದ ಆಗದ್ದು ಒಂದೇ ಇದೆ, ಒಗೆದ ಮೇಲೆ ಹಿಂಡುವುದು. ನೀರು ಕುಡಿದ ಕೌದಿ ಸತ್ತ ಎಮ್ಮೆಯಂತೆ ಭಾರ. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಬಲಕ್ಕೆ ಇನ್ನೊಬ್ಬರು ಎಡಕ್ಕೆ ತಿರುವಬೇಕು. ಗಂಡನ ಸೊಂಟ ಅದಕ್ಕೆ ಒಗ್ಗುವುದಿಲ್ಲ. ಮಗಳು ಗಂಡನ ಮನೆಗೆ ಹೋದ ಮೇಲೆ ಆ ಇನ್ನೊಂದು ತುದಿ ಹಿಡಿಯುತ್ತಿದ್ದವರು ಹಿಂದಿನ ಗಲ್ಲಿಯ ವಿಜಯಶ್ರೀ. ಗದಗಿನ ಕಡೆಯವರು, ಚರ್ಚಿನ ಕನ್ನಡ ಸಭೆಯಲ್ಲಿ ಪರಿಚಯವಾದವರು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರು. ಗಂಡ ಶಾಂತಕುಮಾರ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಎರಡು ವರ್ಷದ ಹಿಂದೆ ಡೆಂಗಿ ಜ್ವರ ಬಂದು, ಆಸ್ಪತ್ರೆಗೆ ಸೇರಿದ ನಾಲ್ಕನೇ ದಿನ ತೀರಿಕೊಂಡರು. ಅದಾದ ಮೇಲೂ ವಿಜಯಶ್ರೀ ಕೌದಿ ಹಿಂಡಲು ಬರುತ್ತಿದ್ದರು. ಈಗ ಬರುವುದಿಲ್ಲ. ಅದರ ಕಾರಣವೇ ಸುಂದರಾಬಾಯಿಯ ತೊಡೆಯ ಮೇಲಿದೆ.

ಬಾಲಾನಗರದ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ತೆಲುಗಿನವರ ಚರ್ಚಿನಲ್ಲಿ, ಅವರ ಆರಾಧನೆಗೆ ಮುಂಚೆ, ಬೆಳಗಿನ ಹೊತ್ತು ಇವರಿಗೆ ಜಾಗ ಸಿಗುತ್ತದೆ. ಬೀದರಿನ ‘ಅದ’ ಮತ್ತು ಗದಗಿನ ‘ಐತಿ’ ಒಂದೇ ಬೆಂಚಿನಲ್ಲಿ ಕೂರುತ್ತವೆ. ಮಕ್ಕಳು ಪಿಸುಗುಡುವುದು ತೆಲುಗಿನಲ್ಲಿ. ಕಳೆದ ಬೇಸಿಗೆಯಲ್ಲಿ ಹಿರಿಯರು ಸೇರಿ ಸಭೆಗೆಂದು ನಮ್ಮದೇ ಒಂದು ವಸ್ತು ಇರಲಿ ಎಂದರು. ಸಾರ್ವಜನಿಕ ಉದ್ಯಮವೊಂದರಲ್ಲಿ ನಿವೃತ್ತರಾದ ಅಮೃತಪ್ಪ ರೇಷ್ಮೆ ಪರದೆ ಎಂದರು. ಹೆಂಗಸರು ಕೌದಿ ಎಂದರು. ದೀಕ್ಷಾಸ್ನಾನಕ್ಕೆ ಬರುವ ಪ್ರತಿ ಕೂಸನ್ನೂ ಅದೇ ಒಂದು ಕೌದಿಯಲ್ಲಿ ಸುತ್ತಿ ಎತ್ತಿಕೊಳ್ಳುವುದು. ಹೆಂಗಸರದ್ದೇ ಗೆದ್ದಿತು.

ಸುಂದರಾಬಾಯಿ ಆರಿಸಿಕೊಂಡದ್ದು ಯೇಸು ಹೇಳಿದ ಕಳೆದುಹೋದ ಕುರಿಯ ಕಥೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನದು. ಮನೆಗೊಂದು ಬಿಳಿ ಬಟ್ಟೆ ಕೊಡಿ ಎಂದರು. ಪಂಚೆ ಬಂತು, ದಿಂಬಿನ ಚೀಲ ಬಂತು, ಶಾಲೆಯ ಅಂಗಿ ಬಂತು, ಯಾರದೋ ನರ್ಸಿನ ಕೋಟು ಬಂತು. ಎಲ್ಲ ಸೇರಿ ಬಿಳಿಯ ಮಂದೆ. ಅದರ ನಡುವೆ ಒಂದೇ ಒಂದು ತುಂಡು ಬೇರೆ ಬಣ್ಣದ್ದು ಬೇಕು. ಅದನ್ನು ಯಾರ ಮನೆಯಿಂದಲೂ ಕೇಳಲಿಲ್ಲ. ಕಳೆದುಹೋದದ್ದು ಕಳೆದುಹೋದವುಗಳ ನಡುವೆಯೇ ಸಿಗಬೇಕೆಂದು ಮೂಟೆಗಳಲ್ಲಿ ಹುಡುಕಿದರು.

ಒಂದು ದಿನ ಸಿಕ್ಕಿತು. ಆಕಾಶನೀಲಿ ಬಣ್ಣದ ವರ್ಕ್‌ಶಾಪಿನ ಅಂಗಿ. ಬಾಲಾನಗರದಲ್ಲಿ ಅಂಥ ಅಂಗಿ ತೊಟ್ಟವರು ಸಾವಿರಾರು ಜನ. ಎಂದಿನಂತೆ ಹುಕ್ಕು, ಗುಂಡಿ ಉಳಿದಿದೆಯೇ ಎಂದು ಅಂಗೈ ಆಡಿಸಿದಾಗ ಜೇಬಿನ ಕೆಳಗೆ ಬೆರಳಿಗೆ ಏನೋ ತಾಗಿತು. ಅದು ರಫೂ. ಹರಿದ ಜಾಗಕ್ಕೆ ಎಳೆಎಳೆಯಾಗಿ ದಾರ ನೇಯ್ದು ಮುಚ್ಚಿದ್ದು. “ಅಷ್ಟು ಸಣ್ಣ ಕೆಲಸ ನಾ ಎಲ್ಲೂ ನೋಡಿದ್ದಿಲ್ಲರಿ. ಬೆಳಕಿಗೆ ಹಿಡದ್ರಷ್ಟೇ ಕಾಣ್ತಿತ್ತು. ಇದನ್ನ ಎಣ್ಣಿ ಒರಸ್ಲಿಕ್ಕ ಹೆಂಗ ಕಳಸಲಿ? ಯಾರೋ ಜೀವ ಇಟ್ಟು ಕೂತು ಹೊಲದಾರ. ಹುಡುಕ್ಕೊಂಡು ಹೋಗೂ ಅಂಥ ಕುರಿ ಇದೇ ಅಂತ ಅನ್ನಿಸ್ತು.” ರಫೂ ಸರಿಯಾಗಿ ನಡುವೆ ಬರುವಂತೆ ತುಂಡು ಕತ್ತರಿಸಿ ಕೌದಿಗೆ ಕೂರಿಸಿದರು.

ಅರ್ಪಣೆಯ ಭಾನುವಾರ ಇಬ್ಬರು ಕೌದಿಯನ್ನು ಸಭೆಯ ಮುಂದೆ ಬಿಡಿಸಿ ಹಿಡಿದರು. ಪಾಸ್ಟರ್ ಪ್ರಾರ್ಥನೆ ಮುಗಿಸಿದರು. ಮೂರನೇ ಬೆಂಚಿನಿಂದ ವಿಜಯಶ್ರೀ ಎದ್ದು ಬಂದರು. ನೀಲಿ ತುಂಡಿನ ರಫೂ ಮೇಲೆ ಬೆರಳಿಟ್ಟು, “ಇದು ನಮ್ಮನಿಯವ್ರ ಅಂಗಿ,” ಎಂದರು. ಗಂಡನ ಅಂಗಿಗಳನ್ನು ಬಿಟ್ಟು ಅವರು ಬೇರೆ ಯಾರ ಬಟ್ಟೆಯನ್ನೂ ಹೊಲಿದವರಲ್ಲ. ಅವರ ಕೈಯಲ್ಲಿ ಅಂಥ ಕೆಲಸವಿದೆ ಎಂದು ಕೌದಿ ಹಿಂಡುವ ಗೆಳತಿಗೂ ಗೊತ್ತಿರಲಿಲ್ಲ.

ಮುಂದಿನದ್ದು ಊಹಿಸಬಹುದಾದದ್ದೇ. ಯಾರೋ ಬಿಕ್ಕಿದರು, ಯಾರೋ ಸ್ತೋತ್ರ ಹೇಳಿದರು, ಹಿಂದಿನ ಬೆಂಚಿನಿಂದ ಮೊಬೈಲುಗಳು ಮೇಲೆದ್ದವು. ದೇವರು ಕಳೆದುಹೋದದ್ದನ್ನು ಮರಳಿಸಿದ್ದಾನೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಪಾಸ್ಟರ್ ಅಲ್ಲೇ ಹೇಳಿಬಿಟ್ಟರು. ವಿಜಯಶ್ರೀ ಚಪ್ಪಲಿ ಮೆಟ್ಟಿ ಹೊರಟುಹೋದರು.

ಇದರಲ್ಲಿ ಪವಾಡವೇನೂ ಇಲ್ಲ. ಗಂಡ ತೀರಿದ ಮೇಲೆ ಗೂಟದಲ್ಲಿ ನೇತಾಡುತ್ತಿದ್ದ ಅಂಗಿಗಳನ್ನು ನೋಡಲಾಗದೆ ವಿಜಯಶ್ರೀ ಅವನ್ನು ಪಾತ್ರೆ ಮಾರುವವಳಿಗೆ ಕೊಟ್ಟರು, ಬದಲಿಗೆ ಒಂದು ಸ್ಟೀಲ್ ಡಬ್ಬಿ ಬಂತು. ಪಾತ್ರೆಯವಳಿಂದ ಹಳೇ ಬಟ್ಟೆಯ ವ್ಯಾಪಾರಿಗೆ, ಅವನಿಂದ ವಾಸುದೇವರ ಶೆಡ್ಡಿಗೆ. ಈ ಸುತ್ತಿನ ಕಾಲೊನಿಗಳ ಚಿಂದಿಯೆಲ್ಲ ಬರುವುದು ಅಲ್ಲಿಗೇ. ಆ ಅಂಗಿ ಅಲ್ಲಿಗೆ ಬರದಿದ್ದರೆ ಆಶ್ಚರ್ಯಪಡಬಹುದಿತ್ತು. ಪಾಸ್ಟರರ ಮಾತಿನ ಬಗ್ಗೆ ಕೇಳಿದರೆ ಸುಂದರಾಬಾಯಿ ಹೀಗನ್ನುತ್ತಾರೆ: “ದೇವರು ತಂದ ಅಂದ್ರ ನನ್ನ ತಪ್ಪು ಅವನ ಮ್ಯಾಲ ಹಾಕ್ದಂಗ ಆಗ್ತದ. ತಂದಾಕಿ ನಾ.”

ಆ ಭಾನುವಾರ ಸಂಜೆ ವಿಜಯಶ್ರೀ ಸುಂದರಾಬಾಯಿಯ ಮನೆಯ ಹೊಸ್ತಿಲಿಗೆ ಬಂದರು, ಒಳಗೆ ಬರಲಿಲ್ಲ. ಕೂಗಾಡಲೂ ಇಲ್ಲ. “ಕಣ್ಣಿಗೆ ಬೀಳಬಾರ್ದು ಅಂತ ಕೊಟ್ಟಿದ್ದೆ. ನೀವು ಎಲ್ಲಾರ ಮುಂದ ತೂಗುಹಾಕಿದ್ರಿ. ನಮ್ಮನಿಯವ್ರು ಕಳಕೊಂಡ ಕುರಿ ಅಲ್ಲ ಅಕ್ಕಾ, ಸತ್ತಾರ. ಯಾರು ಹುಡುಕ್ಕೊಂತ ಹೋದ್ರೂ ಸಿಗೂದಿಲ್ಲ. ಅದನ್ನ ತಗೀರಿ.” ಇಷ್ಟು ಹೇಳಿ ಹೋದರು.

ಹಿರಿಯರ ಸಭೆ ಕೂತಿತು. ಪ್ರಾರ್ಥನೆಯಿಂದ ಅರ್ಪಣೆಯಾದ ವಸ್ತು, ಅದಕ್ಕೆ ಕೈ ಹಚ್ಚುವುದು ಸರಿಯಲ್ಲ ಎಂದು ಅಮೃತಪ್ಪ ಪಟ್ಟು ಹಿಡಿದರು. ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕುವ ವಿಚಾರವೂ ಅವರಿಗೆ ಆಗಲೇ ಬಂದಿತ್ತು. ಆ ಹೆಣ್ಣುಮಗಳ ದುಃಖ ತಣ್ಣಗಾಗಲಿ, ಆಮೇಲೆ ಆಕೆಯೇ ಒಪ್ಪುತ್ತಾಳೆ ಎಂದರು ಪಾಸ್ಟರ್. ಎಲ್ಲರ ಮಾತು ಮುಗಿಯುವವರೆಗೂ ಸುಂದರಾಬಾಯಿ ಮೂಲೆಯಲ್ಲಿ ಕೂತಿದ್ದರು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. “ಹೊಲದ ಕೈ ನಂದೇರಿ, ಬಿಚ್ಚೂ ಕೈನೂ ನಂದೇ,” ಎಂದು ಹೇಳಿ ಬಸ್ ಸ್ಟಾಪಿಗೆ ನಡೆದರು.

ಒಂದು ತುಂಡು ತೆಗೆಯಲು ಇಷ್ಟು ದಿನ ಯಾಕೆ ಬೇಕು ಎಂದು ಶೆಡ್ಡಿನ ಹೆಂಗಸರು ಕೇಳುತ್ತಾರೆ. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ನೀಲಿ ತುಂಡು ಇರುವುದು ನಟ್ಟನಡುವೆ. ಅಲ್ಲಿ ಕತ್ತರಿ ಆಡಿಸಿದರೆ ಹೊಲಿಗೆಯ ತುದಿಗಳು ಸಡಿಲವಾಗಿ, ಒಗೆದಾಗಲೆಲ್ಲ ಇನ್ನಷ್ಟು ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಅದಕ್ಕೇ ದಾರ ಕಡಿಯದೆ, ನಡುವಿನಿಂದ ಹಿಂದಕ್ಕೆ, ಗಂಟು ಇರುವಲ್ಲಿಯವರೆಗೂ ಎಳೆಯಬೇಕು. ಅಕ್ಕಪಕ್ಕದ ಬಿಳಿ ತುಂಡುಗಳೂ ಅರ್ಧ ಬಿಚ್ಚಿಕೊಂಡು ನೇತಾಡುತ್ತವೆ. ಬೆಳಗಿನ ಈ ಒಂದು ಗಳಿಗೆ ಬಿಟ್ಟರೆ ಅವರಿಗೆ ಬೇರೆ ಹೊತ್ತು ಸಿಗುವುದಿಲ್ಲ.

ಗುರುವಾರ ಬೆಳಿಗ್ಗೆ ನೀಲಿ ತುಂಡು ಕೈಗೆ ಬರುತ್ತದೆ. ಅಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿಕೊಂಡು ಹಿಂದಿನ ಗಲ್ಲಿಗೆ ಹೋಗುತ್ತಾರೆ. ವಿಜಯಶ್ರೀ ಬಾಗಿಲು ತೆರೆದು ನಿಲ್ಲುತ್ತಾರೆ, ಬನ್ನಿ ಎನ್ನುವುದಿಲ್ಲ.

“ತಪ್ಪಾತು,” ಎನ್ನುತ್ತಾರೆ ಸುಂದರಾಬಾಯಿ. “ಹುಕ್ಕು ಉಳದದೇನು ಅಂತ ಕೈ ಆಡಿಸ್ತೀನಿ. ಹೊಲಿಗಿ ಯಾರದು ಅಂತ ಕೇಳಲಿಲ್ಲ.”

ವಿಜಯಶ್ರೀ ಕರವಸ್ತ್ರ ಬಿಚ್ಚಿ ನೋಡುತ್ತಾರೆ. ತುಂಡಿನ ಸುತ್ತ ಸೂಜಿಯ ಸಣ್ಣ ತೂತುಗಳ ಸಾಲು. ಒಳಗಿನ ಕಪಾಟಿನಲ್ಲಿದ್ದ ಸ್ಟೀಲ್ ಡಬ್ಬಿಯತ್ತ ಗದ್ದ ಎತ್ತಿ ತೋರಿಸುತ್ತಾರೆ. “ಇದರ ಬದ್ಲಿ ಬಂದದ್ದು ಅಲ್ಲೈತಿ ನೋಡ್ರಿ. ಅದರಾಗ ಇವತ್ತಿನತನಾ ಏನೂ ತುಂಬಿಲ್ಲ. ತುಂಬಾಕೂ ಆಗವಲ್ದು, ಒಗ್ಯಾಕೂ ಆಗವಲ್ದು.” ಕರವಸ್ತ್ರವನ್ನು ಹಿಂದಕ್ಕೆ ಕೊಡುತ್ತಾರೆ, ತುಂಡನ್ನು ಇಟ್ಟುಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತದೆ. ಸುಂದರಾಬಾಯಿ ಶೆಡ್ಡಿಗೆ ಮರಳಿ ಸಂಜೆಯವರೆಗೂ ಚಿಂದಿ ಕತ್ತರಿಸುತ್ತಾರೆ.

ಕೌದಿಯ ನಡುವೆ ಈಗ ಚೌಕಾಕಾರದ ಬಯಲು. ಅಲ್ಲಿಗೆ ಏನನ್ನು ಹಚ್ಚುವುದು? ಇನ್ನೊಂದು ಅಂಗಿಯ ತುಂಡು ಹಚ್ಚಿದರೆ ಅದೂ ಯಾರದೋ ಆಗಿರುತ್ತದೆ. ಅದೂ ಬಿಳಿಯೇ ಆದರೆ ಕಥೆಯೇ ಇಲ್ಲ. ಸುಂದರಾಬಾಯಿ ಎದುರಿನ ವರ್ಕ್‌ಶಾಪಿಗೆ ಹೋಗಿ, ಮಷೀನು ಒರೆಸಿ ಮೂಲೆಗೆಸೆದ ಒಂದು ಚಿಂದಿ ಕೇಳಿ ತರುತ್ತಾರೆ. ಸೋಡಾ ಹಾಕಿ ಕುದಿಸುತ್ತಾರೆ, ಉಜ್ಜುತ್ತಾರೆ, ಮತ್ತೆ ಕುದಿಸುತ್ತಾರೆ. ಎಣ್ಣೆಯ ಜಿಡ್ಡು ಹೋಗುತ್ತದೆ, ಕರಿ ಕಲೆ ಉಳಿಯುತ್ತದೆ. ಅದು ಮೊದಲು ಯಾವ ಬಣ್ಣದ ಬಟ್ಟೆಯಾಗಿತ್ತೆಂದು ಯಾರಿಂದಲೂ ಹೇಳಲಾಗದು. ಅದನ್ನೇ ನಡುವೆ ಇಟ್ಟು, ಹೆಬ್ಬೆರಳಿಗೆ ಸುತ್ತಿಟ್ಟ ಹಳೇ ದಾರದಿಂದಲೇ ಹೊಲಿಯುತ್ತಾರೆ.

ಮುಂದಿನ ಭಾನುವಾರ ಅಮೃತಪ್ಪ ಕನ್ನಡಕ ಏರಿಸಿ ನೋಡುತ್ತಾರೆ. ಕೂಸಿಗೆ ಸುತ್ತುವ ಕೌದಿಯಲ್ಲಿ ಇದೇನು, ನೋಡಿದವರು ಒಗೆದಿಲ್ಲ ಅಂದುಕೊಳ್ಳುವುದಿಲ್ಲವೇ ಎಂದು ಅವರ ಆಕ್ಷೇಪ.

“ದಾರಿ ತಪ್ಪಿ ಮುಳ್ಳಾಗ, ಕೆಸರಾಗ ಅಡ್ಡಾಡಿದ ಕುರಿ ಬೆಳ್ಳಗ ಇರ್ತದೇನ್ರಿ ಕಾಕಾ?”

“ಹಂಗಂತ ಕುರಿ ಹೋಗಿ ಮಷೀನಿನ ಎಣ್ಣ್ಯಾಗ ಬಿದ್ದಿತ್ತೇನವಾ?”

“ಬಾಲಾನಗರದ ಕುರಿ ಐತಿ ಬಿಡ್ರಿ ಕಾಕಾ,” ಎಂದು ಹಿಂದಿನಿಂದ ಯಾರೋ ಅನ್ನುತ್ತಾರೆ. ನಗು ಏಳುತ್ತದೆ. ಅಮೃತಪ್ಪನವರೂ ನಗುತ್ತಾರೆ. ಚೌಕಟ್ಟಿನ ವಿಚಾರ ಮಾತ್ರ ಬಿಡುವುದಿಲ್ಲ. ಒಂದು ದೀಕ್ಷಾಸ್ನಾನ ಆಗಲಿ, ಆಮೇಲೆ ಗಾಜು ಹಾಕಿಸೋಣ, ಧೂಳಾಗಬಾರದು ಎನ್ನುತ್ತಾರೆ.

ಆ ದೀಕ್ಷಾಸ್ನಾನ ನೇತ್ರಾಳ ಕೂಸಿನದು. ಮಾದಾಪುರದ ಕಂಪನಿಯಲ್ಲಿ ಕೆಲಸ ಮಾಡುವ ನೇತ್ರಾ, ಕ್ಯಾಬು ತಡವಾಗಿ, ಕೂಸನ್ನು ಕಂಕುಳಲ್ಲಿ ಹೊತ್ತು, ಕೂದಲು ಸರಿಮಾಡಿಕೊಳ್ಳುತ್ತಾ ಓಡಿ ಬರುತ್ತಾಳೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ವಿಜಯಶ್ರೀ ಇದ್ದಾರೆ. ಅರ್ಪಣೆಯ ಭಾನುವಾರದ ನಂತರ ಅವರು ಚರ್ಚಿಗೆ ಬಂದಿರುವುದು ಇದೇ ಮೊದಲು. ಸುಂದರಾಬಾಯಿ ನೋಡಿಯೂ ನೋಡದವರಂತೆ ನಿಲ್ಲುತ್ತಾರೆ. ಪಾಸ್ಟರ್ ಕೌದಿಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ನೆತ್ತಿಗೆ ನೀರು ಹಾಕುತ್ತಾರೆ. ತಣ್ಣೀರು ತಾಗಿದ್ದೇ ಕೂಸು ಕಿಟ್ಟನೆ ಕಿರುಚಿ, ಕೌದಿಯನ್ನೆಲ್ಲ ತೋಯಿಸಿಬಿಡುತ್ತದೆ. ಪಾಸ್ಟರರ ನಿಲುವಂಗಿಗೂ ಪಾಲು ಬರುತ್ತದೆ. ನೇತ್ರಾಳ ಮುಖ ಕೆಂಪಾಗುತ್ತದೆ. ಸಾರಿ ಆಂಟಿ, ನಾನೇ ತೊಳೆಸಿ ಕೊಡುತ್ತೇನೆ ಎನ್ನುತ್ತಾಳೆ. ಸುಂದರಾಬಾಯಿ ಬಿಡುತ್ತಾರೆಯೇ? ಒದ್ದೆ ಕೌದಿಯನ್ನು ಎದೆಗೆ ಒತ್ತಿಕೊಂಡು ಅಮೃತಪ್ಪನವರ ಮುಂದೆಯೇ ಹಾದು ಹೋಗುತ್ತಾರೆ. “ಗಾಜಿನಾಗ ಇಟ್ರ ಇದು ನಾರ್ತದರಿ ಕಾಕಾ. ಈಗ ನೋಡ್ರಿ ಕೌದಿ ಆತು.”

ಮಧ್ಯಾಹ್ನ ಗಲ್ಲಿಯ ನಲ್ಲಿಯ ಹತ್ತಿರ ಕೌದಿ ಒಗೆಯುವ ಸದ್ದು. ಹಾಸುಗಲ್ಲಿನ ಮೇಲೆ ಕುಕ್ಕಿ, ನೀರು ಸುರಿದು, ಮಗುಚಿ ಮತ್ತೆ ಕುಕ್ಕುತ್ತಾರೆ. ಹಿಂಡುವ ಹೊತ್ತಿಗೆ ಗಂಡನನ್ನು ಕರೆಯುತ್ತಾರೆ. ನಿದ್ದೆಗಣ್ಣಲ್ಲಿ ಎದ್ದು ಬಂದ ಅವರು ಒಂದು ತುದಿ ಹಿಡಿದು ಎತ್ತಿದ್ದೇ ಸೊಂಟ ಹಿಡಿದುಕೊಳ್ಳುತ್ತಾರೆ. ಹುಲಗೇಶನ ಮನೆಗೆ ಬೀಗ. ಸುಂದರಾಬಾಯಿ ಕೌದಿಯನ್ನು ಕಲ್ಲಿನ ಮೇಲೆ ರಾಶಿ ಹಾಕಿ, ನೀರು ತಾನಾಗಿ ಇಳಿಯಲಿ ಎಂದು ಪಕ್ಕದಲ್ಲಿ ಕೂರುತ್ತಾರೆ. ಹಾಗೆ ಬಿಟ್ಟರೆ ಎರಡು ದಿನವಾದರೂ ಒಣಗುವುದಿಲ್ಲವೆಂದು ಅವರಿಗೆ ಗೊತ್ತು.

ಹಿಂದಿನ ಗಲ್ಲಿಯ ಕಡೆಯಿಂದ ವಿಜಯಶ್ರೀ ಬರುತ್ತಾರೆ. ಇನ್ನೂ ಚರ್ಚಿಗೆ ಉಟ್ಟ ಸೀರೆಯಲ್ಲೇ ಇದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಕೌದಿಯ ಇನ್ನೊಂದು ತುದಿ ಹಿಡಿದು ಎತ್ತುತ್ತಾರೆ. ಇವರು ಬಲಕ್ಕೆ, ಅವರು ಎಡಕ್ಕೆ. ಕೌದಿ ಹಗ್ಗದಂತೆ ಹುರಿಗೊಳ್ಳುತ್ತದೆ, ನೀರು ಧಾರೆಯಾಗಿ ಕಾಲ ಮೇಲೆ ಬೀಳುತ್ತದೆ. ಹುರಿಯ ನಡುವೆ ಕರಿ ಕಲೆಯ ತುಂಡು ಮೇಲೆ ಬಂದಾಗ ವಿಜಯಶ್ರೀ ಅದನ್ನೊಮ್ಮೆ ನೋಡುತ್ತಾರೆ. ಯಾರದೆಂದು ಕೇಳುವುದಿಲ್ಲ. ಅದು ಯಾರದೂ ಅಲ್ಲವೆಂದು ನೋಡಿದರೇ ತಿಳಿಯುತ್ತದೆ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆ ಇದ್ದೇ ಇರುತ್ತದೆ, ನಿಮಗೇನು ಆಸೆ ಎಂದು. ಇಲ್ಲೂ ಅದನ್ನು ಕೇಳಿದ್ದಾಯಿತು. ಸುಂದರಾಬಾಯಿ ಕೈ ನಿಲ್ಲಿಸಿ ಯೋಚಿಸುತ್ತಾರೆ. “ಇದು ಹರಿಯೂತನಕ ಕೂಸುಗೋಳ್ ಇದರಾಗ ಉಚ್ಚಿ ಹೊಯ್ಲಿ. ಹರದ್ರ ಮತ್ತೊಂದು ಹೊಲೀತೀನಿ. ಹಿಂಡ್ಲಿಕ್ಕ ಒಬ್ಬಾಕಿ ಇದ್ರ ಸಾಕು.”

“ಮಾತು ಆಮ್ಯಾಲ ಆಡ್ರಿ ಅಕ್ಕಾ,” ಎನ್ನುತ್ತಾರೆ ವಿಜಯಶ್ರೀ, ಇನ್ನೊಂದು ತುದಿಯಿಂದ. “ಮೊದ್ಲು ತಿರುವ್ರಿ. ನನ್ನ ಕೈ ಸೋಲಾಕತ್ತಾವ.”